ಜುಲೈ 21 ಯಾರ ದಿನ?

ದಿನಪತ್ರಿಕೆಗಳ ಮೂಲೆಯಲ್ಲಿ "ಇತಿಹಾಸದಲ್ಲಿ ಈ ದಿನ" ಎಂಬ ಚಿಕ್ಕ ಅಂಕಣವೊಂದು ಇರುವದುಂಟು. ಅದೇ ತಾರೀಖಿನಂದು ಯಾವ ಯಾವ ಶತಮಾನದಲ್ಲಿ ಏನೇನು ನಡೆಯಿತೆಂದು ನಾಲ್ಕೈದು ಸಾಲುಗಳಲ್ಲಿ ಅದು ತಿಳಿಸುತ್ತದೆ. ಶಾಲೆಯ ಪ್ರಾರ್ಥನೆಯ ಹೊತ್ತಿಗೆ ಹುಡುಗರು ಅದನ್ನು ಗಟ್ಟಿಯಾಗಿ ಓದುತ್ತಾರೆ, ಪರೀಕ್ಷೆಗೆ ಕುಳಿತವರು ಬಾಯಿಪಾಠ ಮಾಡುತ್ತಾರೆ. ಓದಿಗೆ ಹಿತವಾದ ಅಂಕಣವದು, ನಮಗೂ ಅದರ ಮೇಲೆ ಸಿಟ್ಟಿಲ್ಲ. ಆದರೆ ಆ ನಾಲ್ಕೈದು ಸಾಲುಗಳನ್ನು ಯಾರೋ ಆರಿಸಿರುತ್ತಾರೆ. ಯಾವದನ್ನು ಆರಿಸಿದರು, ಯಾವದನ್ನು ಬಿಟ್ಟರು ಎಂಬದನ್ನು ಓದುಗರು ಒಮ್ಮೆ ಕೇಳಿಕೊಳ್ಳಬೇಕೆಂದು ನಮ್ಮ ಬಯಕೆ. ಅದಕ್ಕೆ ಜುಲೈ 21 ಎಂಬ ಒಂದೇ ತಾರೀಖನ್ನು ಎತ್ತಿಕೊಳ್ಳುತ್ತೇವೆ.

ಮೊದಲು ಅಂಕಣದವರ ಪಟ್ಟಿಯನ್ನೇ ನೋಡೋಣ. ಕ್ರಿಸ್ತಪೂರ್ವ 356ರಲ್ಲಿ ಇದೇ ದಿನ ಎಫೆಸಸ್ ಪಟ್ಟಣದ ಆರ್ಟೆಮಿಸ್ ದೇಗುಲವು ಸುಟ್ಟುಹೋಯಿತೆಂದು ಪರಂಪರೆ ಹೇಳುತ್ತದೆ. ತನ್ನ ಹೆಸರು ಜಗತ್ತಿನಲ್ಲಿ ಉಳಿಯಬೇಕೆಂಬ ಹುಚ್ಚಿಗೆ ಬೆಂಕಿಯಿಟ್ಟವನು ಹೆರೊಸ್ಟ್ರೇಟಸ್ ಎಂಬವನು. ಅವನ ಹೆಸರನ್ನು ಯಾರೂ ಎತ್ತಬಾರದೆಂದು ಊರವರು ಕಟ್ಟಪ್ಪಣೆ ಮಾಡಿದರಂತೆ. ಆದರೂ ಸುಟ್ಟವನ ಹೆಸರು ಇಂದಿಗೂ ಉಳಿದಿದೆ. ಆ ಗುಡಿಗೆ ಕಲ್ಲು ಹೊತ್ತವರಲ್ಲಿ ಒಬ್ಬನ ಹೆಸರೂ ನಮಗೆ ಗೊತ್ತಿಲ್ಲ. 1798ರ ಜುಲೈ 21ರಂದು ನೆಪೋಲಿಯನ್ ಈಜಿಪ್ತಿನ ಪಿರಮಿಡ್ಡುಗಳ ಕಾಳಗವನ್ನು ಗೆದ್ದ. ಮುಂದೆ 1799ರ ಜನವರಿಯಲ್ಲಿ ಆತ ಕೈರೋದಿಂದ ನಮ್ಮ ಶ್ರೀರಂಗಪಟ್ಟಣದ ಟಿಪ್ಪುವಿಗೆ ಕಾಗದ ಬರೆದ, ಆ ಕಾಗದವು ಇಂಗ್ಲಿಷರ ಕೈಗೆ ಬಿತ್ತು. 1954ರ ಇದೇ ದಿನ ಜಿನೀವಾ ಪರಿಷತ್ತು ಮುಗಿದು ವಿಯೆಟ್ನಾಮ್ ಎರಡು ಹೋಳಾಯಿತು. 1960ರ ಇದೇ ದಿನ ಸಿಲೋನಿನ ಸಿರಿಮಾವೊ ಬಂಡಾರನಾಯಕೆ ಜಗತ್ತಿನ ಮೊದಲ ಮಹಿಳಾ ಪ್ರಧಾನಿಯಾದರು. 1969ರ ಇದೇ ದಿನ ನಮ್ಮ ಗಡಿಯಾರದ ಬೆಳಗಿನ ಎಂಟೂವರೆಯ ಸುಮಾರಿಗೆ ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಕಾಲಿಟ್ಟ. ಅಮೇರಿಕೆಯಲ್ಲಿ ಆಗ ಇನ್ನೂ 20ರ ರಾತ್ರಿ.

ಈ ಪಟ್ಟಿಯಲ್ಲಿ ಸಾಮಾನ್ಯವಾಗಿ ಕಾಣದ ಸಾಲೊಂದಿದೆ. 1980ರ ಜುಲೈ 21ರಂದು ನವಲಗುಂದ ಮತ್ತು ನರಗುಂದಗಳಲ್ಲಿ ರೈತರ ಮೇಲೆ ಗುಂಡು ಹಾರಿತು. ನವಲಗುಂದದಲ್ಲಿ ಅಳಗವಾಡಿಯ ಬಸಪ್ಪ ಲಕ್ಕುಂಡಿ, ನರಗುಂದದಲ್ಲಿ ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ ಪ್ರಾಣ ಬಿಟ್ಟರು. ಆಗ ಎರಡೂ ತಾಲೂಕುಗಳು ಧಾರವಾಡ ಜಿಲ್ಲೆಯವೇ. ನರಗುಂದ ಗದಗ ಜಿಲ್ಲೆಗೆ ಸೇರಿದ್ದು 1997ರಲ್ಲಿ.

ಗುಂಡಿನ ಹಿಂದಿನ ಕಥೆಯನ್ನು ಹೊಸ ತಲೆಮಾರಿಗೆ ಹೇಳಬೇಕಾಗಿದೆ. ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿದರು. ಎರಿ ಭೂಮಿಯ ರೈತ ಹಿಗ್ಗಿದ. ಬಾವಿ ತೋಡಿದರೆ ಸವಳು ನೀರು ಬರುವ ಈ ಸೀಮೆಯಲ್ಲಿ ಕಾಲುವೆಯೆಂದರೆ ಮನೆಗೆ ಬಂದ ಸೊಸೆ ಇದ್ದಂತೆ. ಆದರೆ ಕಾಲುವೆ ಬಂದರೂ ಹೊಲಗಾಲುವೆ ಎಲ್ಲ ಕಡೆಗೂ ಬರಲಿಲ್ಲ. ಮೇಲಿನ ಹೊಲಗಳಲ್ಲಿ ನೀರು ನಿಂತು ನೆಲ ಸವಳು-ಜವಳಾಯಿತು, ಕೊನೆಯ ಹೊಲಗಳಿಗೆ ಹನಿಯೂ ಮುಟ್ಟಲಿಲ್ಲ. ನೀರಿಗಿಂತ ಮೊದಲು ಮುಟ್ಟಿದ್ದು ನೋಟೀಸು. ನಿನ್ನ ಭೂಮಿಯ ಬೆಲೆ ನೀರಾವರಿಯಿಂದ ಏರಿದೆ, ಅದರ ಪಾಲು ಕೊಡು ಎಂದು ಸರಕಾರ ಕೇಳಿತು. ಕಾಗದದಲ್ಲಿ ಅದರ ಹೆಸರು ಅಭಿವೃದ್ಧಿ ಕರ, ಜನರ ಬಾಯಲ್ಲಿ ಬೆಟರ್‌ಮೆಂಟ್ ಲೆವಿ. ಅದರ ಮೇಲೆ ನೀರಿನ ಕರ, ಅದರ ಮೇಲೆ ಸಾಲದ ಬಾಕಿ. ಧಾರವಾಡದ ವಿಜ್ಞಾನಿಯೊಬ್ಬರು ತಯಾರಿಸಿದ ವರಲಕ್ಷ್ಮಿ ಹತ್ತಿಯನ್ನು ರೈತರು ನಂಬಿ ಬೀಜ, ಗೊಬ್ಬರ, ಔಷಧಕ್ಕೆ ಸಾಲ ಮಾಡಿ ಬೆಳೆದಿದ್ದರು. ಬೆಳೆ ಬಂತು, ಪೇಟೆಯಲ್ಲಿ ಬೆಲೆ ಬಿತ್ತು. ಮಲಪ್ರಭಾ ನೀರಾವರಿ ಪ್ರದೇಶದ ರೈತರು ಸಮನ್ವಯ ಸಮಿತಿ ಕಟ್ಟಿಕೊಂಡು ಅರ್ಜಿ ಕೊಟ್ಟರು, ಮೆರವಣಿಗೆ ಮಾಡಿದರು. ಆಗಿನ ಗುಂಡೂರಾಯರ ಸರಕಾರದ ಕಿವಿ ಬೇಗ ತೆರೆಯಲಿಲ್ಲ. ಜುಲೈ 21ಕ್ಕೆ ಬಂದ್ ಆಯಿತು, ಜನ ತಹಶೀಲದಾರರ ಕಚೇರಿಯ ಮುಂದೆ ಸೇರಿದರು. ಮುಂದಿನದು ರಕ್ತದ ಕಥೆ.

ಆ ಕಥೆಯ ಒಂದು ಭಾಗವನ್ನು ನಮ್ಮವರೇ ಕೆಲವರು ನುಂಗಿಬಿಡುತ್ತಾರೆ, ನಾವು ನುಂಗುವದಿಲ್ಲ. ಅಂದು ನರಗುಂದದಲ್ಲಿ ಪೋಲೀಸರೂ ಜನರ ಸಿಟ್ಟಿಗೆ ಬಲಿಯಾದರು. ಅವರ ಮನೆಗಳಲ್ಲೂ ಅಂದು ಒಲೆ ಉರಿಯಲಿಲ್ಲ. ಹರಕು ಧೋತರದ ಬಡವನೂ ಖಾಕಿಯ ಬಡವನೂ ಎದುರುಬದುರು ನಿಂತು ಸಾಯುವಂತೆ ಮಾಡಿದ ಆಡಳಿತವೇ ಆ ದಿನದ ಮೊದಲ ಆರೋಪಿಯೆಂದು ನಾವು ತಿಳಿಯುತ್ತೇವೆ.

ಗುಂಡಿನ ಸಪ್ಪಳ ನವಲಗುಂದದ ಅಗಸಿಯಲ್ಲೇ ನಿಲ್ಲಲಿಲ್ಲ. ಚಳುವಳಿ ರಾಜ್ಯದ ತುಂಬ ಹಬ್ಬಿತು. ಸರಕಾರವು ರಿಯಾಯತಿಗಳನ್ನು ಘೋಷಿಸಬೇಕಾಯಿತು. ಅದೇ ವರ್ಷ ರುದ್ರಪ್ಪ, ಸುಂದರೇಶ, ನಂಜುಂಡಸ್ವಾಮಿಯವರ ಮುಂದಾಳುತನದಲ್ಲಿ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. 1981ರಲ್ಲಿ ನರಗುಂದದಿಂದ ಬೆಂಗಳೂರಿನವರೆಗೆ ಜನ ಕಾಲ್ನಡಿಗೆಯಲ್ಲಿ ಹೋದರು. 1983ರ ಜನವರಿಯಲ್ಲಿ ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಸರಕಾರ ಬಂತು. ಒಂದು ರಾಜ್ಯದ ರಾಜಕಾರಣದ ದಿಕ್ಕನ್ನೇ ತಿರುಗಿಸಿದ ದಿನಕ್ಕೆ ಆ ಅಂಕಣದಲ್ಲಿ ಒಂದು ಸಾಲಿನ ಸ್ಥಳ ಸಿಗದಿದ್ದರೆ ಕೊರತೆ ಆ ದಿನದ್ದಲ್ಲ.

ಇದೇ ತಾರೀಖು ಮತ್ತೆ ಗುಂಡಿನ ತಾರೀಖಾಯಿತು. 1993ರ ಜುಲೈ 21ರಂದು ಕಲಕತ್ತೆಯಲ್ಲಿ ಯುವಕ ಕಾಂಗ್ರೆಸ್ಸಿನ ಮೆರವಣಿಗೆಯ ಮೇಲೆ ಪೋಲೀಸರು ಗುಂಡು ಹಾರಿಸಿ 13 ಜನ ಸತ್ತರು. ಅಲ್ಲಿ ಆಳುತ್ತಿದ್ದದ್ದು ಎಡಪಕ್ಷಗಳ ಸರಕಾರ. ಇಲ್ಲಿ ಕಾಂಗ್ರೆಸ್ಸಿನ ಸರಕಾರ ರೈತನನ್ನು ಹೊಡೆಯಿತು, ಅಲ್ಲಿ ಎಡಪಕ್ಷದ ಸರಕಾರ ಕಾಂಗ್ರೆಸ್ಸಿಗನನ್ನು ಹೊಡೆಯಿತು. ಬಾವುಟದ ಬಣ್ಣ ಬದಲಾದರೂ ಗುಂಡಿಗೆ ಬಣ್ಣವಿಲ್ಲ. 1954ರಲ್ಲಿ ತಿರುವಾಂಕೂರು-ಕೊಚ್ಚಿಯಲ್ಲಿ ಪಟ್ಟಂ ತಾಣು ಪಿಳ್ಳೆಯವರ ಸಮಾಜವಾದೀ ಸರಕಾರದ ಪೋಲೀಸರು ಗುಂಡು ಹಾರಿಸಿದಾಗ, ಪಕ್ಷದ ಕಾರ್ಯದರ್ಶಿಯಾಗಿದ್ದ ಡಾ. ಲೋಹಿಯಾ ತಮ್ಮದೇ ಸರಕಾರ ರಾಜೀನಾಮೆ ಕೊಡಬೇಕೆಂದು ಕೇಳಿದರು. ಸರಕಾರ ಒಪ್ಪಲಿಲ್ಲ, ಪಕ್ಷವೇ ಒಡೆಯಿತು. ಅಂದು ಅವರನ್ನು ಹಟಮಾರಿಯೆಂದವರು ಬಹಳ ಜನ. ನಿಶ್ಶಸ್ತ್ರ ಜನರ ಮೇಲೆ ಗುಂಡು ಹಾರಿಸಿದ ಸರಕಾರಕ್ಕೆ, ಅದು ನಮ್ಮದೇ ಆಗಿರಲಿ, ಕುರ್ಚಿಯ ಮೇಲೆ ಹಕ್ಕಿಲ್ಲವೆಂಬ ಆ ಮಾತನ್ನು ಪ್ರತಿ ಜುಲೈ 21 ನಮಗೆ ನೆನಪಿಸುತ್ತದೆ.

ಈ ತಾರೀಖಿಗೆ ನಮ್ಮ ಜಿಲ್ಲೆಯಲ್ಲಿ ಇನ್ನೊಂದು ನೆನಪೂ ಇದೆ. 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ಗಂಗೂಬಾಯಿ ಹಾನಗಲ್ಲರು ತೀರಿಕೊಂಡರು. ಕುಂದಗೋಳದ ಸವಾಯಿ ಗಂಧರ್ವರ ಹತ್ತಿರ ಪಾಠಕ್ಕಾಗಿ ಹುಬ್ಬಳ್ಳಿಯಿಂದ ರೈಲು ಹತ್ತಿ ಹೋಗಿಬರುತ್ತಿದ್ದ ಹೆಣ್ಣುಮಗಳು ಅವರು. ಹಾಡುವ ಹೆಂಗಸೆಂದು, ಕೀಳು ಜಾತಿಯೆಂದು ಧಾರವಾಡದ ಓಣಿಗಳಲ್ಲಿ ಜನ ಆಡಿಕೊಂಡದ್ದನ್ನು ಕೇಳಿಸಿಕೊಂಡೇ ಬೆಳೆದವರು. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ, ಗಾಂಧೀಜಿಯ ಮುಂದೆ, ಎಳೆಯ ಹುಡುಗಿಯಾಗಿ ಸ್ವಾಗತಗೀತೆ ಹಾಡಿದವರು. 2002ರಲ್ಲಿ ಅವರಿಗೆ ಪದ್ಮವಿಭೂಷಣ ಬಂತು. ಆ ಮರ್ಯಾದೆ ಸಿಗಲು ಅವರ ಕೂದಲು ನರೆಯಬೇಕಾಯಿತು. ಅಳಗವಾಡಿಯ ರೈತನಿಗೂ ಕುಂದಗೋಳದ ದಾರಿ ಹಿಡಿದ ಗಾಯಕಿಗೂ ಏನು ಸಂಬಂಧವೆಂದು ಕೇಳಬಹುದು. ದೊಡ್ಡವರ ಪಟ್ಟಿಯಲ್ಲಿ ಹುಟ್ಟಿನಿಂದ ಸ್ಥಳವಿಲ್ಲದವರು ಇಬ್ಬರೂ. ಒಬ್ಬರು ಕಂಠದಿಂದ ಸ್ಥಳ ಪಡೆದರು, ಒಬ್ಬರಿಗೆ ಪ್ರಾಣ ಕೊಟ್ಟರೂ ಸಿಗಲಿಲ್ಲ.

ತಾರೀಖು ಒಂದೇ ಆದದ್ದರಲ್ಲಿ ಗ್ರಹಗತಿಯೇನೂ ಇಲ್ಲ. ಇಂಗ್ಲಿಷ್ ಕ್ಯಾಲೆಂಡರು ಸಹ ಮನುಷ್ಯರು ಮಾಡಿದ್ದು. 1582ರಲ್ಲಿ ಪೋಪನು ಅದರಿಂದ ಹತ್ತು ದಿನಗಳನ್ನು ಒಮ್ಮೆಲೇ ಕಿತ್ತುಹಾಕಿದ. ನಮ್ಮ ರೈತನ ವರ್ಷವಾದರೋ ಮಳೆಯ ನಕ್ಷತ್ರಗಳಿಂದ ನಡೆಯುತ್ತದೆ. ಅವನಿಗೆ ಜುಲೈ 21 ಎಂದರೆ ಪುನರ್ವಸು ಮುಗಿದು ಪುಷ್ಯ ಹೂಡುವ ಹೊತ್ತು. ಕಲಘಟಗಿಯ ಕಡೆ ಆಗ ಭತ್ತದ ಗದ್ದೆಯಲ್ಲಿ ನೀರು ನಿಂತಿರುತ್ತದೆ. ನವಲಗುಂದ, ಅಣ್ಣಿಗೇರಿಯ ಕಡೆ ಹೆಸರಿನ ಬೆಳೆ ಮುಗಿಲು ನೋಡುತ್ತಿರುತ್ತದೆ. ಹಬ್ಬ, ಜಾತ್ರೆಗಳೆಲ್ಲವನ್ನೂ ತಿಥಿಯಿಂದ ಲೆಕ್ಕಿಸುವ ಹಳ್ಳಿಯವರು ಇದೊಂದನ್ನು ಮಾತ್ರ ಇಂಗ್ಲಿಷ್ ತಾರೀಖಿನಿಂದ ನೆನಪಿಟ್ಟಿದ್ದಾರೆ. ನೋಟೀಸು, ಕಚೇರಿ, ಗುಂಡು ಮೂರೂ ಬಂದದ್ದು ಆ ಕ್ಯಾಲೆಂಡರಿನಿಂದಲೇ ಅಲ್ಲವೆ?

ನಮ್ಮ ಊರ ಮುಂದಿನ ಹಳೆಯ ವೀರಗಲ್ಲುಗಳನ್ನು ನೋಡಿರಿ. ದನಗಳನ್ನು ಬಿಡಿಸಲು, ಊರು ಕಾಯಲು ಹೋಗಿ ಸತ್ತ ಸಾಮಾನ್ಯನ ಹೆಸರನ್ನು ಕಲ್ಲಿನಲ್ಲಿ ಕೊರೆದು ನಿಲ್ಲಿಸಿದವರು ನಮ್ಮ ಹಿರಿಯರು. ಅದೇ ಜನರ ಪಂಚಾಂಗ. ಬಸಪ್ಪ, ವೀರಪ್ಪರಿಗೂ ವೀರಗಲ್ಲು ನಿಂತಿದೆ. ಪ್ರತಿ ವರ್ಷ ಈ ದಿನ ಎಲ್ಲ ಪಕ್ಷಗಳ ಮುಖಂಡರು ಬಂದು ಅದಕ್ಕೆ ಮಾಲೆ ಹಾಕುತ್ತಾರೆ, ಭಾಷಣ ಮಾಡುತ್ತಾರೆ, ಸಂಜೆಯ ಹೊತ್ತಿಗೆ ಹೋಗಿಬಿಡುತ್ತಾರೆ. ಮಾಲೆ ಬಾಡುವದರೊಳಗೆ ಮಾತೂ ಬಾಡುತ್ತದೆ.

ಏಕೆಂದರೆ ಬಾಕಿ ಇನ್ನೂ ತೀರಿಲ್ಲ. ಮಲಪ್ರಭೆಯ ಜಲಾಶಯಕ್ಕೆ 37.73 ಟಿಎಂಸಿ ನೀರು ಹಿಡಿಯುವ ಹೊಟ್ಟೆಯಿದೆ, ಅದು ತುಂಬಿದ ವರ್ಷಗಳು ಕಡಿಮೆ. ಮಹದಾಯಿಯ ನೀರನ್ನು ಕಳಸಾ-ಬಂಡೂರಿ ಹಳ್ಳಗಳಿಂದ ಇತ್ತ ತಿರುಗಿಸಬೇಕೆಂದು ಜನ ಕೇಳಿದರು. 2016ರ ಜುಲೈ ಕೊನೆಯ ವಾರ, ನ್ಯಾಯಾಧಿಕರಣ ಮಧ್ಯಂತರ ಅರ್ಜಿಯನ್ನು ತಳ್ಳಿಹಾಕಿದ ಮೇಲೆ, ನವಲಗುಂದ ತಾಲೂಕಿನ ಯಮನೂರಿನಲ್ಲಿ ಹೆಂಗಸರು ಮುದುಕರೆನ್ನದೆ ಲಾಠಿ ಬೀಸಿದರು. 2018ರ ಆಗಸ್ಟ್ 14ರಂದು ತೀರ್ಪು ಬಂತು. ಕರ್ನಾಟಕಕ್ಕೆ ಒಟ್ಟು 13.42 ಟಿಎಂಸಿ, ಅದರಲ್ಲಿ ಕಳಸಾ-ಬಂಡೂರಿಯಿಂದ ಮಲಪ್ರಭೆಗೆ 3.9. ಆ ತೀರ್ಪು ಕೇಂದ್ರದ ಗೆಜೆಟ್ಟಿನಲ್ಲಿ ಅಚ್ಚಾಗುವದಕ್ಕೇ 2020ರ ಫೆಬ್ರುವರಿ ಬರಬೇಕಾಯಿತು. ಕಾಗದ ಹರಿಯಲು ಒಂದೂವರೆ ವರ್ಷ ಹಿಡಿದರೆ ನೀರು ಹರಿಯಲು ಎಷ್ಟು ಹಿಡಿಯಬೇಕು?

ಚಂದ್ರನ ಮೇಲೆ ಮನುಷ್ಯ ಕಾಲಿಟ್ಟು ಸರಿಯಾಗಿ ಹನ್ನೊಂದು ವರ್ಷಕ್ಕೆ, ಅದೇ ತಾರೀಖಿಗೆ, ನವಲಗುಂದದಲ್ಲಿ ನೀರಿನ ಕರದ ಜಗಳಕ್ಕೆ ರೈತ ಸತ್ತ. ಮುಂದೆ ನಮ್ಮದೇ ಚಂದ್ರಯಾನವು ಚಂದ್ರನಲ್ಲಿ ನೀರಿನ ಕಣಗಳಿವೆಯೆಂದು 2009ರಲ್ಲಿ ಜಗತ್ತಿಗೆ ತೋರಿಸಿತು. ವಿಜ್ಞಾನಿಗಳ ಆ ಸಾಧನೆಗೆ ನಾವು ತಲೆಬಾಗುತ್ತೇವೆ. ನಾವು ಕೇಳುವದು ಇಷ್ಟೇ: ಅಷ್ಟು ದೂರದ ನೀರನ್ನು ಅಳೆಯಬಲ್ಲ ದೇಶವು ಕಾಲುವೆಯ ಕೊನೆಯ ಹೊಲಕ್ಕೆ ಎಷ್ಟು ನೀರು ಮುಟ್ಟಿತೆಂಬದನ್ನು ಅಳೆದು ಹೇಳಲಾರದೆ?

ಆದುದರಿಂದ ಮಾಲೆಯ ಜೊತೆಗೆ ಮೂರು ಕೆಲಸಗಳಾಗಲಿ. ಪ್ರತಿ ಜುಲೈ 21ರಂದು ಮಲಪ್ರಭಾ ಕಾಲುವೆಯ ಹಳ್ಳಿಗಳಲ್ಲಿ ಗ್ರಾಮಸಭೆ ಕರೆದು, ಹಿಂದಿನ ವರ್ಷ ಯಾವ ಕಾಲುವೆಗೆ ಎಷ್ಟು ದಿನ ನೀರು ಬಿಟ್ಟರು, ಕೊನೆಯ ಹೊಲಕ್ಕೆ ಎಷ್ಟು ಮುಟ್ಟಿತು, ದುರಸ್ತಿಗೆ ಎಷ್ಟು ಖರ್ಚಾಯಿತು ಎಂಬ ಲೆಕ್ಕವನ್ನು ನೀರಾವರಿ ಅಧಿಕಾರಿಗಳು ಜನರ ಮುಂದೆ ಓದಲಿ. ನೀರು ಮುಟ್ಟದ ಹೊಲಕ್ಕೆ ನೀರಿನ ಕರವಿಲ್ಲವೆಂಬದು ಬರಿಯ ಭಾಷಣದ ಮಾತಾಗದೆ ಕಾಯದೆಯ ಮಾತಾಗಲಿ. ಮತ್ತು ನಮ್ಮ ಶಾಲೆಗಳಲ್ಲಿ ಆ ಬೆಳಗು "ಈ ದಿನ" ಎಂದು ಓದುವಾಗ ನೆಪೋಲಿಯನ್ನನ ಹೆಸರಿನ ಜೊತೆಗೆ ಬಸಪ್ಪ ಲಕ್ಕುಂಡಿ, ವೀರಪ್ಪ ಕಡ್ಲಿಕೊಪ್ಪ ಎಂಬ ಹೆಸರುಗಳನ್ನೂ ಓದಲಿ.

ಎಫೆಸಸ್ಸಿನಲ್ಲಿ ಗುಡಿ ಸುಟ್ಟವನ ಹೆಸರು ಉಳಿಯಿತು, ಕಟ್ಟಿದವರ ಹೆಸರು ಅಳಿಯಿತು. ನಮ್ಮ ಸೀಮೆಯಲ್ಲಿ ಹಾಗಾಗಬಾರದು.