ಪೊಟ್ಟಣದ ಮೇಲೆ ಹೆಸರು ಬರೀರಿ ಡಾಕ್ಟ್ರೇ

ಮೊನ್ನೆ ಊರಿಗೆ ಹೋಗಿದ್ದೆ. ದೊಡ್ಡಪ್ಪ ಜಗಲಿ ಮೇಲೆ ಕಾಲು ಚಾಚಿ ಕೂತಿದ್ರು, ಎಡಗಾಲಿನ ಕಿರುಬೆರಳು ಇರಲಿಲ್ಲ. "ಎಂತ ಮಾಡೂದು ಮಾರಾಯ, ಹೋಯ್ತು" ಅಂದ್ರು, ಕೊಟ್ಟಿಗೆಯ ಹೆಂಚು ಬಿದ್ದುಹೋದಷ್ಟೇ ಸಲೀಸಾಗಿ. ನನಗೆ ಅಷ್ಟು ಸಲೀಸಾಗಿ ತಗೊಳ್ಳೋಕೆ ಆಗ್ತಿಲ್ಲ. ಅದಕ್ಕೇ ಈ ಬರಹ.

ದೊಡ್ಡಪ್ಪನಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಮಾತ್ರೆ ನುಂಗ್ತಾ ಒಂದು ಮಟ್ಟಕ್ಕೆ ಇತ್ತು. ಆಮೇಲೆ ಒಬ್ಬರು ಆಯುರ್ವೇದ ಡಾಕ್ಟ್ರು ಸಿಕ್ಕಿದ್ರು. ವಾರಕ್ಕೊಂದು ದಿನ ಕೊಪ್ಪ, ಒಂದು ದಿನ ಶೃಂಗೇರಿ, ಒಂದು ದಿನ ನರಸಿಂಹರಾಜಪುರ, ಹೀಗೆ ಬಾಡಿಗೆ ಕೋಣೆಗಳಲ್ಲಿ ಕೂರ್ತಾರೆ. ಹೆಸರು ಬೇಡ ಬಿಡಿ. ಮುಕ್ಕಾಲು ಗಂಟೆ ನಾಡಿ ಹಿಡಿದು, ನಿದ್ದೆ, ಹಸಿವು, ಕನಸು, ಸಿಟ್ಟು ಎಲ್ಲಾ ಕೇಳಿದ್ರಂತೆ. "ಇದು ನಿಮ್ಮ ಪ್ರಕೃತಿಗೆ ಮಾತ್ರ ಹೊಂದೋ ಔಷಧ" ಅಂತ ಪೇಪರಿನಲ್ಲಿ ಮಡಚಿದ ಪೊಟ್ಟಣ ಕೊಟ್ರು. ಇಂಗ್ಲಿಷ್ ಮಾತ್ರೆ ನಿಲ್ಲಿಸಿ ಅಂದ್ರು. ಎಚ್‌ಬಿಎ1ಸಿ 7.2 ಇದ್ದದ್ದು ನಾಲ್ಕು ತಿಂಗಳಿಗೆ 10.8 ಆಯ್ತು. ತೋಟದಲ್ಲಿ ಕಾಲಿಗೆ ಆದ ಗಾಯ ಆರು ವಾರವಾದ್ರೂ ಮಾಗಲಿಲ್ಲ. ಕೊನೆಗೆ ಆಗುಂಬೆ ಘಾಟಿ ಇಳಿಸಿ ಆಸ್ಪತ್ರೆಗೆ ಕರ್ಕೊಂಡು ಹೋಗೋ ಹೊತ್ತಿಗೆ ಬೆರಳು ಕಪ್ಪಾಗಿತ್ತು.

ಈಗ ಯಾರಾದ್ರೂ "ನೀನು ಬೆಂಗಳೂರಲ್ಲಿ ಕೂತು ಆಯುರ್ವೇದ ಬೈತೀಯ" ಅಂತ ಕಾಮೆಂಟ್ ಹಾಕೋ ಮೊದಲು ಒಂದು ನಿಮಿಷ ಇರಿ. ಆ ಮುಕ್ಕಾಲು ಗಂಟೆಯನ್ನ ನಾನು ಬೈತಿಲ್ಲ. ಅದು ಬೇಕು. ಸಾಲಲ್ಲಿ ಎರಡು ತಾಸು ಕಾದು ಎರಡು ನಿಮಿಷ ಡಾಕ್ಟ್ರ ಮುಖ ನೋಡಿ ಬರೋ ಜನಕ್ಕೆ, ಎದುರು ಕೂತು ಕೇಳಿಸಿಕೊಳ್ಳೋರು ಸಿಕ್ಕಿದ್ರೆ ಅರ್ಧ ಕಾಯಿಲೆ ಹೋದ ಹಾಗೆ ಅನಿಸುತ್ತೆ. ಒಬ್ಬೊಬ್ಬರನ್ನೂ ಬೇರೆಯಾಗಿ ನೋಡಬೇಕು ಅನ್ನೋದು ಚರಕಸಂಹಿತೆಯಷ್ಟು ಹಳೇ ಮಾತು. ಅದರ ವಿಮಾನಸ್ಥಾನದಲ್ಲಿ ರೋಗಿಯನ್ನ ಹತ್ತು ಬಗೆಯಲ್ಲಿ ಪರೀಕ್ಷೆ ಮಾಡಬೇಕು ಅಂತಿದೆ: ಪ್ರಕೃತಿ, ವಿಕೃತಿಯಿಂದ ಹಿಡಿದು ಜೀರ್ಣಶಕ್ತಿ, ವಯಸ್ಸಿನವರೆಗೆ. ಕೊಪ್ಪದಲ್ಲೇ ಎ.ಎಲ್.ಎನ್. ರಾವ್ ಸ್ಮಾರಕ ಆಯುರ್ವೇದ ಕಾಲೇಜಿದೆ (ನಾನು ಹೇಳ್ತಿರೋ ಡಾಕ್ಟ್ರಿಗೂ ಅದಕ್ಕೂ ಸಂಬಂಧ ಇಲ್ಲ). ಇಂಥ ಕಾಲೇಜುಗಳಲ್ಲಿ ಹುಡುಗರು ಇದನ್ನೆಲ್ಲ ಓದ್ತಾರೆ, ಕೇಸ್ ಶೀಟ್ ಬರೀತಾರೆ. ಬರೀತಾರೆ ಅನ್ನೋದನ್ನ ನೆನಪಿಟ್ಕೊಳ್ಳಿ.

ನನ್ನ ಜಗಳ ಇರೋದು ಅಲ್ಲೇ. ಒಬ್ಬೊಬ್ಬರಿಗೂ ಬೇರೆ ಔಷಧ ಅನ್ನೋದು ನಿಜವಾದ್ರೆ ಒಬ್ಬೊಬ್ಬರಿಗೂ ಬೇರೆ ಕಾಗದ ಇರಬೇಕು. ಏನು ಕೊಟ್ರಿ, ಎಷ್ಟು ಕೊಟ್ರಿ, ಯಾಕೆ ಕೊಟ್ರಿ, ಏನಾಯ್ತು. ನಾವು ಕೋಡ್ ಬರೆಯೋರು. ಎಲ್ಲರಿಗೂ ಮಾರೋ ಸಾಫ್ಟ್‌ವೇರಿಗಿಂತ ಒಬ್ಬನೇ ಗಿರಾಕಿಗೆ ಮಾಡಿಕೊಟ್ಟದ್ದಕ್ಕೆ ಜಾಸ್ತಿ ದಾಖಲೆ ಬೇಕು. ಯಾಕಂದ್ರೆ ಅದು ಕೆಟ್ಟಾಗ ಕೇಳೋಕೆ ಬೇರೆ ಯಾರೂ ಇರಲ್ಲ. ದೊಡ್ಡಪ್ಪನನ್ನ ಅಡ್ಮಿಟ್ ಮಾಡುವಾಗ "ಏನು ತಗೊಳ್ತಿದ್ರಿ?" ಅಂತ ಕೇಳಿದ್ರೆ ನಮ್ಮ ಹತ್ರ ಇದ್ದದ್ದು ಕಂದು ಬಣ್ಣದ ಪುಡಿ. ದೊಡ್ಡಮ್ಮನ ಮಂಡಿನೋವಿಗೆ ಕೊಟ್ಟದ್ದೂ ಕಂದು ಪುಡಿ, ವಾಸನೆಯೂ ಅದೇ. ನನ್ನ ಮೂಗು ಪ್ರಮಾಣ ಅಲ್ಲ, ಒಪ್ಪಿದೆ :-)

ಇದರಲ್ಲಿ ಕಾನೂನಿನ ಒಂದು ತಮಾಷೆಯೂ ಇದೆ. ಅಂಗಡಿಯ ಆಯುರ್ವೇದ ಬಾಟಲಿ ಮೇಲೆ ಒಳಗಿರೋದರ ಪಟ್ಟಿ ಹಾಕಬೇಕು, ತಯಾರಿಸೋಕೆ ಲೈಸೆನ್ಸ್ ಬೇಕು. ಆದ್ರೆ ವೈದ್ಯರು ತಮ್ಮದೇ ರೋಗಿಗಳಿಗೆ ತಯಾರಿಸಿಕೊಟ್ರೆ 1940ರ ಔಷಧ ಕಾಯ್ದೆ ಆ ಲೈಸೆನ್ಸಿನಿಂದ ವಿನಾಯಿತಿ ಕೊಡುತ್ತೆ. ರೋಗಿಗೂ ವೈದ್ಯನಿಗೂ ಇರೋ ನಂಬಿಕೆಗೆ ಬಿಟ್ಟ ಜಾಗ ಅದು. ಆ ಜಾಗವನ್ನೇ ಮುಚ್ಚಿಟ್ಟುಕೊಳ್ಳೋಕೆ ಬಳಸಿದ್ರೆ? 2008ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಅಧ್ಯಯನದಲ್ಲಿ, ಇಂಟರ್‌ನೆಟ್ ಮೂಲಕ ಕೊಂಡ 193 ಆಯುರ್ವೇದ ಉತ್ಪನ್ನಗಳ ಪೈಕಿ ಸುಮಾರು ಐದರಲ್ಲೊಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಅವೆಲ್ಲ ಹೆಸರಿದ್ದ ಸರಕು. ಹೆಸರೇ ಇಲ್ಲದ ಪೊಟ್ಟಣದ ಗತಿ?

"ವ್ಯಕ್ತಿಗೆ ತಕ್ಕ ಚಿಕಿತ್ಸೆಯನ್ನ ನಿಮ್ಮ ವಿಜ್ಞಾನ ಅಳೆಯೋಕಾಗಲ್ಲ" ಅನ್ನೋ ವಾದ ಇದೆ. ಸುಳ್ಳು. ಕೊಯಮತ್ತೂರಿನಲ್ಲಿ ಸಂಧಿವಾತದ 43 ರೋಗಿಗಳ ಮೇಲೆ ನಡೆದ ಒಂದು ಅಧ್ಯಯನ 2011ರಲ್ಲಿ ಪ್ರಕಟವಾಯ್ತು. ಆಯುರ್ವೇದ ವೈದ್ಯರು ಒಬ್ಬೊಬ್ಬರಿಗೂ ಬೇಕಾದ ಹಾಗೆ ಔಷಧ ಬದಲಿಸಿದ್ರು, ಆದ್ರೂ ಯಾರಿಗೆ ಆಯುರ್ವೇದ, ಯಾರಿಗೆ ಮೆಥೊಟ್ರೆಕ್ಸೇಟ್, ಯಾರಿಗೆ ಎರಡೂ ಅನ್ನೋದು ಗುಟ್ಟಾಗೇ ಇತ್ತು. ಮೂರು ಗುಂಪಿನ ಫಲಿತಾಂಶವೂ ಹೆಚ್ಚುಕಮ್ಮಿ ಒಂದೇ. ಚಿಕ್ಕ ಅಧ್ಯಯನ, ಅದರಿಂದ ಏನೂ ಸಿದ್ಧವಾಗಲ್ಲ. ಆದ್ರೆ ಅಳೆಯಬಹುದು ಅಂತಾಯ್ತಲ್ಲ! ಅಳೆಯೋಕೆ ಒಪ್ಪಿದ ವೈದ್ಯರೂ ಇದ್ರು.

ಇನ್ನೊಂದು ವಿಷಯ ನನಗೆ ಹೊಟ್ಟೆ ಉರಿಸುತ್ತೆ. ಆಯುರ್ವೇದ ರೋಗಗಳನ್ನ ಸಾಧ್ಯ, ಯಾಪ್ಯ, ಅಸಾಧ್ಯ ಅಂತ ಬೇರೆ ಮಾಡುತ್ತೆ. ಯಾಪ್ಯ ಅಂದ್ರೆ ಚಿಕಿತ್ಸೆ ನಡೆಯುವಷ್ಟು ದಿನ ಹಿಡಿತದಲ್ಲಿ ಇರೋದು. ಮಧುಮೇಹವನ್ನ, ಅದರಲ್ಲೂ ತಂದೆತಾಯಿಯಿಂದ ಬಂದ ಪ್ರಮೇಹವನ್ನ, ಚರಕಸಂಹಿತೆ ವಾಸಿಯಾಗದ್ದು ಅಂತಲೇ ಹೇಳಿದೆ. ನಮ್ಮ ಅಜ್ಜನಿಗೂ ಸಕ್ಕರೆ ಇತ್ತು. ಮುಕ್ಕಾಲು ಗಂಟೆ ಮಾತಾಡಿದವರಿಗೆ ಅದು ತಿಳಿದಿರಲೇಬೇಕು. ಅವರದೇ ಗ್ರಂಥ ಓದಿದ್ರೂ ಮಾತ್ರೆ ನಿಲ್ಲಿಸಿ ಅನ್ನೋ ಧೈರ್ಯ ಬರ್ತಿರಲಿಲ್ಲ.

ನಮ್ಮೂರಿನವರೇನು ಪೆದ್ದರಲ್ಲ. ಅಡಿಕೆಗೆ ಹಳದಿ ಎಲೆ ರೋಗ ಬಂದಾಗ ಮಣ್ಣು ಪರೀಕ್ಷೆ ಮಾಡಿಸ್ತಾರೆ. ಕೊಳೆರೋಗಕ್ಕೆ ಬೋರ್ಡೋ ಹೊಡೆಯುವಾಗ ಮೈಲುತುತ್ತ ಎಷ್ಟು, ಸುಣ್ಣ ಎಷ್ಟು ಅಂತ ತೂಕ ನೋಡ್ತಾರೆ. ಮರದ ಲೆಕ್ಕ ಕೇಳೋ ಜನ ಮೈಯ ಲೆಕ್ಕ ಕೇಳೋಕೆ ಯಾಕೆ ಹಿಂಜರೀತಾರೆ ಅಂದ್ರೆ, ಕೇಳಿದ್ರೆ ಡಾಕ್ಟ್ರಿಗೆ ಬೇಜಾರಾಗುತ್ತೆ ಅಂತ!

ನಾನು ಕೇಳಿದೆ. ಕೊಪ್ಪದ ಕೋಣೆಗೇ ಹೋಗಿ, ಪುಡಿಯ ಹೆಸರು ಬರೆದುಕೊಡಿ ಸಾರ್ ಅಂದೆ. "ಬರೆದುಕೊಟ್ರೆ ನಾಳೆ ಇನ್ಯಾರೋ ಅದನ್ನೇ ತಗೋತಾರೆ, ಅವರಿಗೆ ತೊಂದ್ರೆ ಆಗುತ್ತೆ" ಅಂದ್ರು. ಎಲ್ಲಾ ಆಸ್ಪತ್ರೆಗಳೂ ಚೀಟಿ ಬರೆದುಕೊಡೋದಿಲ್ವಾ? ದೊಡ್ಡಪ್ಪನ ಬೆರಳಿನ ವಿಷಯ ಹೇಳಿದಾಗ "ಪಥ್ಯ ತಪ್ಪಿರಬೇಕು" ಅಂದ್ರು. ಅವರ ಮೇಜಿನ ಮೇಲೆ ದೊಡ್ಡಪ್ಪನ ಬಗ್ಗೆ ಒಂದು ಹಾಳೆಯೂ ಇರಲಿಲ್ಲ.

ದೊಡ್ಡಪ್ಪ ಮತ್ತೆ ಮಾತ್ರೆ ಶುರು ಮಾಡಿದ್ದಾರೆ. ದೊಡ್ಡಮ್ಮನ ಮಂಡಿಗೆ ಪುಡಿ ಇನ್ನೂ ನಡೀತಿದೆ, "ನಂಗೆ ಗುಣ ಇದೆ ಮಾಣಿ" ಅಂತಾರೆ, ಇರಬಹುದು. ಮುಂದಿನ ತಿಂಗಳು ಅವರ ಜೊತೆ ನಾನೂ ಹೋಗ್ತೀನಿ, ಇನ್ನೂರು ಪುಟದ ಒಂದು ನೋಟ್‌ಬುಕ್ ತಗೊಂಡು. ಮೊದಲ ಪುಟದಲ್ಲಿ ಅವರ ಹೆಸರು, ವಯಸ್ಸು ನಾನೇ ಬರೆದಿಟ್ಟಿದ್ದೀನಿ. ಉಳಿದದ್ದು ಡಾಕ್ಟ್ರು ಬರೀಬೇಕು, ಇಲ್ಲದಿದ್ರೆ ಪೊಟ್ಟಣ ಅಲ್ಲೇ ವಾಪಸ್.