ಬೀಗ ಗಟ್ಟಿ, ಕೀಲಿ ಯಾರ ಹತ್ತಿರ?

ಹೈದರಾಬಾದಿಗೆ ಬಂದವರಿಗೆ ಚಾರ್‌ಮಿನಾರ್ ಗೊತ್ತು, ಬಿರಿಯಾನಿ ಗೊತ್ತು, ಹೈಟೆಕ್ ಸಿಟಿಯಂತೂ ಗೊತ್ತೇ ಇದೆ. ಮಾಸಾಬ್ ಟ್ಯಾಂಕ್ ಹತ್ತಿರದ ಕ್ಯಾಸಲ್ ಹಿಲ್ಸ್‌ನಲ್ಲಿರುವ ಐಡಿಆರ್‌ಬಿಟಿ ಮಾತ್ರ ಬ್ಯಾಂಕಿನವರನ್ನು ಬಿಟ್ಟರೆ ಬೇರೆಯವರಿಗೆ ಅಷ್ಟಾಗಿ ಗೊತ್ತಿಲ್ಲ. ರಿಸರ್ವ್ ಬ್ಯಾಂಕ್ 1996ರಲ್ಲಿ ಹುಟ್ಟುಹಾಕಿದ ಸಂಸ್ಥೆ ಅದು. ನೀವು ಬೀದರಿನಲ್ಲೋ ಬೆಂಗಳೂರಿನಲ್ಲೋ ಕೂತು ನೆಫ್ಟ್ ಮಾಡುವಾಗ ಹನ್ನೊಂದು ಅಕ್ಷರದ ಐಎಫ್‌ಎಸ್‌ಸಿ ಕೋಡ್ ಬರೆಯುತ್ತೀರಲ್ಲ, ಅದು ಎಸ್‌ಎಫ್‌ಎಂಎಸ್ ಎಂಬ ಸಂದೇಶ ವ್ಯವಸ್ಥೆಯಲ್ಲಿ ಆ ಶಾಖೆಯ ಅಂಚೆ ವಿಳಾಸ. ಆ ವ್ಯವಸ್ಥೆ ಶುರುವಾದದ್ದು ಈ ಸಂಸ್ಥೆಯಿಂದಲೇ, 2001ರ ಡಿಸೆಂಬರ್‌ನಲ್ಲಿ. (ಈಗ ಅದನ್ನು ಐಎಫ್‌ಟಿಎಎಸ್ ಎಂಬ ಬೇರೆ ಸಂಸ್ಥೆ ನಡೆಸುತ್ತದೆ.)

ಅದಕ್ಕೂ ಮುಂಚೆ ಏನಿತ್ತು? ನಾನು ರಾಯಚೂರು ಬಿಟ್ಟು ಈ ಊರಿಗೆ ಬಂದ ಹೊಸತರಲ್ಲಿ ದುಡ್ಡು ಕಳಿಸುವುದೆಂದರೆ ಟಿಟಿ. ತಾರೀಖಿಗೊಂದು ಸಂಖ್ಯೆ, ಮೊತ್ತಕ್ಕೊಂದು, ಶಾಖೆಗೊಂದು. ಎಲ್ಲ ಕೂಡಿಸಿ ಬಂದ ಮೊತ್ತವೇ ಚೆಕ್ ಸಿಗ್ನಲ್. ಆ ಕಡೆಯವರೂ ತಮ್ಮ ಕೋಡ್ ಪುಸ್ತಕ ತೆಗೆದು ಲೆಕ್ಕ ಹಾಕಿ, ತಾಳೆಯಾದರೆ ಮಾತ್ರ ಹಣ ಕೊಡಬೇಕು. ಆ ಪುಸ್ತಕವನ್ನು ಮ್ಯಾನೇಜರು ಮನೆಯ ಬಂಗಾರಕ್ಕಿಂತ ಜೋಪಾನ ಮಾಡುತ್ತಿದ್ದರು. ಪ್ಯೂನ್ ಇರಲಿ, ಕ್ಲರ್ಕೂ ಅದನ್ನು ಮುಟ್ಟುವ ಹಾಗಿರಲಿಲ್ಲ.

1999ರ ಜೂನ್‌ನಲ್ಲಿ ಇನ್ಫಿನೆಟ್ ಬಂತು. ಉಪಗ್ರಹದ ಮೂಲಕ ಬ್ಯಾಂಕುಗಳನ್ನಷ್ಟೇ ಜೋಡಿಸುವ ಜಾಲ ಅದು. ಹೊರಗಿನವರಿಗೆ ಅದರಲ್ಲಿ ಪ್ರವೇಶವಿಲ್ಲ. ಹಿಂದೆಯೇ ಐಟಿ ಕಾಯ್ದೆ ಬಂತು, 2000ದ ಅಕ್ಟೋಬರ್ 17ರಿಂದ ಜಾರಿ. ಡಿಜಿಟಲ್ ಸಹಿಗೆ ಕಾನೂನಿನ ಮಾನ್ಯತೆ ಸಿಕ್ಕಿದ್ದು ಆಗ. ಇಲ್ಲಿ ಒಂದು ಮಾತು ಹೇಳಲೇಬೇಕು. ಕಾಗದದ ಮೇಲೆ ಸಹಿ ಮಾಡಿ, ಸ್ಕ್ಯಾನ್ ಮಾಡಿ, ವಾಟ್ಸಾಪಿನಲ್ಲಿ ಕಳಿಸಿದರೆ ಅದು ಡಿಜಿಟಲ್ ಸಹಿ ಅಲ್ಲ ಸ್ವಾಮಿ, ಸಹಿಯ ಫೋಟೋ! ನಿಜವಾದ ಡಿಜಿಟಲ್ ಸಹಿಗೆ ಎರಡು ಕೀಲಿ. ಒಂದು ನಿಮ್ಮ ಹತ್ತಿರ ಮಾತ್ರ ಇರಬೇಕು, ಇನ್ನೊಂದು ಊರಿಗೆಲ್ಲ ಗೊತ್ತಿರಬಹುದು. ನಿಮ್ಮ ಕೀಲಿಯಿಂದ ಹಾಕಿದ ಸಹಿಯನ್ನು ಎರಡನೆಯದರಿಂದ ಯಾರು ಬೇಕಾದರೂ ಪರೀಕ್ಷಿಸಬಹುದು. ಸಹಿಯಾದ ಮೇಲೆ ಫೈಲಿನಲ್ಲಿ ಒಂದು ಸೊನ್ನೆ ಬದಲಾದರೂ ಸಹಿ ತಾಳೆಯಾಗುವುದಿಲ್ಲ. ಹಳೆಯ ಚೆಕ್ ಸಿಗ್ನಲ್ಲಿನ ಮೊಮ್ಮಗ ಅನ್ನಿ, ಅಜ್ಜನಿಗಿಂತ ಸಾವಿರ ಪಾಲು ಗಟ್ಟಿ.

ಇಷ್ಟೆಲ್ಲ ಇದ್ದೂ ನಮ್ಮ ಬಾಲಾನಗರದ ವರ್ಕ್‌ಶಾಪಿನ ಮಾಲೀಕರನ್ನು ಕೇಳಿ ನೋಡಿ, "ನಿಮ್ಮ ಡಾಂಗಲ್ ಎಲ್ಲಿದೆ?" ಅಂತ. "ಆಡಿಟರ್ ಹತ್ತಿರ ಇದೆ ಸಾರ್, ಪಾಸ್‌ವರ್ಡೂ ಅವರಿಗೇ ಗೊತ್ತು" ಅನ್ನುತ್ತಾರೆ, ಏನೂ ಆಗದವರ ಹಾಗೆ. ಆಡಿಟರ ಡ್ರಾಯರಿನಲ್ಲಿ ಇಂಥ ಹತ್ತಾರು ಡಾಂಗಲ್‌ಗಳು, ಹೆಸರಿನ ಚೀಟಿ ಅಂಟಿಸಿಕೊಂಡು, ರಬ್ಬರ್ ಬ್ಯಾಂಡಿನಲ್ಲಿ ಬಿದ್ದಿರುತ್ತವೆ. ಸಹಿ ಮಾಡುವುದು ಅಲ್ಲಿಯ ಆರ್ಟಿಕಲ್ ಹುಡುಗ. ಐಟಿ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ಆ ಕೀಲಿ ತನ್ನ ಹಿಡಿತದಲ್ಲೇ ಇರುವಂತೆ ನೋಡಿಕೊಳ್ಳುವ ಹೊಣೆ ಸಹಿದಾರನದು. ನಾಳೆ ಕೋರ್ಟಿನಲ್ಲಿ "ಅದು ನನ್ನ ಸಹಿ ಅಲ್ಲ" ಎಂದರೆ ಯಾರು ಕೇಳುತ್ತಾರೆ? ಅವರನ್ನೇ ಪೂರ್ತಿ ಬೈಯುವುದೂ ಸರಿಯಲ್ಲ ಬಿಡಿ. ಡಾಂಗಲ್ಲಿನ ಡ್ರೈವರ್ ಒಂದು ಕಂಪ್ಯೂಟರಿನಲ್ಲಿ ಕೂರುತ್ತದೆ, ಇನ್ನೊಂದರಲ್ಲಿ ಕೂರುವುದಿಲ್ಲ. ಲೇತ್ ಮೆಷಿನ್ ಬಿಟ್ಟು ಬಂದ ಮನುಷ್ಯ ಇದರ ಜೊತೆ ಎಷ್ಟು ಹೊತ್ತು ಗುದ್ದಾಡಬೇಕು?

ಬ್ಯಾಂಕಿನವರಾದ ನಾವು ನಗುವ ಹಾಗೂ ಇಲ್ಲ. 2018ರ ಫೆಬ್ರವರಿಯಲ್ಲಿ ಬಯಲಾದ ಪಂಜಾಬ್ ನ್ಯಾಷನಲ್ ಬ್ಯಾಂಕಿನ ಮುಂಬೈ ಬ್ರಾಡಿ ಹೌಸ್ ಶಾಖೆಯ ಹಗರಣ ನೆನಪಿದೆಯಲ್ಲ? ಅಲ್ಲಿ ಸ್ವಿಫ್ಟ್ ಜಾಲವನ್ನು ಹೊರಗಿನ ಯಾರೂ ಒಡೆದಿರಲಿಲ್ಲ. ಸಂದೇಶಗಳು ಸುರಕ್ಷಿತವಾಗಿಯೇ ಹೋಗಿ ತಲುಪಿದವು. ಆದರೆ ಸ್ವಿಫ್ಟಿಗೂ ಬ್ಯಾಂಕಿನ ಲೆಕ್ಕದ ಕಂಪ್ಯೂಟರಿಗೂ ಕೊಂಡಿಯೇ ಇರಲಿಲ್ಲ, ಹಾಗಾಗಿ ಕಳಿಸಿದ್ದು ಪುಸ್ತಕಕ್ಕೆ ಏರಲಿಲ್ಲ. ಸ್ವಿಫ್ಟ್ ದುರ್ಬಳಕೆಯ ಬಗ್ಗೆ 2016ರ ಆಗಸ್ಟ್‌ನಿಂದ ಕನಿಷ್ಠ ಮೂರು ಸಲ ಬ್ಯಾಂಕುಗಳನ್ನು ಎಚ್ಚರಿಸಿದ್ದೆ ಅಂತ ರಿಸರ್ವ್ ಬ್ಯಾಂಕ್ ಆಮೇಲೆ ಹೇಳಿತು. ಮೊದಲು ಕೇಳಿಬಂದ ಮೊತ್ತ 11,400 ಕೋಟಿ, ನಂತರ 13,000 ಕೋಟಿ ದಾಟಿತು.

ನನ್ನ ತಕರಾರು ಇನ್ನೊಂದಿದೆ. ಜೀಡಿಮೆಟ್ಲದ ದೊಡ್ಡ ಔಷಧ ಕಂಪನಿಯ ಪಾವತಿ ಫೈಲು ಅವರ ಕಂಪ್ಯೂಟರಿನಿಂದ ನೇರ ಬ್ಯಾಂಕಿನ ಕಂಪ್ಯೂಟರಿಗೆ ಬೀಗ ಹಾಕಿಕೊಂಡೇ ಬರುತ್ತದೆ. ನಡುವೆ ಯಾರೂ ಮುಟ್ಟುವುದಿಲ್ಲ. ಅದೇ ರಸ್ತೆಯ ಇಪ್ಪತ್ತು ಜನರ ಕಾರ್ಖಾನೆಯವನ ಸಂಬಳದ ಪಟ್ಟಿ ಎಕ್ಸೆಲ್ಲಿನಲ್ಲಿ, ಮೇಲ್‌ನಲ್ಲೋ ಪೆನ್ ಡ್ರೈವಿನಲ್ಲೋ ಬರುತ್ತದೆ. ದಾರಿಯಲ್ಲಿ ಒಂದು ಖಾತೆ ನಂಬರ್ ಬದಲಾದರೆ ಕೇಳುವವರಿಲ್ಲ. ಸರಬರಾಜುದಾರರ ಮೇಲ್ ಒಳಹೊಕ್ಕು, ಅವರದೇ ಬಿಲ್ಲಿನಲ್ಲಿ ಖಾತೆ ನಂಬರ್ ಬದಲಿಸಿ ಹಣ ಹೊಡೆಯುವ ಕಳ್ಳರಿಗೆ ಸಿಗುವವರು ಇಂಥವರೇ. ದೊಡ್ಡವನು ನಷ್ಟ ತಡೆದುಕೊಳ್ಳುತ್ತಾನೆ, ಚಿಕ್ಕವನು ಅಂಗಡಿ ಮುಚ್ಚುತ್ತಾನೆ. ಭದ್ರವಾದ ದಾರಿಯನ್ನು ವಹಿವಾಟಿನ ಗಾತ್ರ ನೋಡಿ ಕೊಡುವುದು ಯಾವ ನ್ಯಾಯ? ಬ್ಯಾಂಕಿನ ಪೋರ್ಟಲ್ಲಿನಲ್ಲಿ ಸಹಿ ಸಮೇತ ಫೈಲ್ ಏರಿಸುವ ಸೌಲಭ್ಯವನ್ನು ಚಾಲ್ತಿ ಖಾತೆಯ ಜೊತೆಗೇ ಕೊಡಬೇಕು, ಪುಕ್ಕಟೆಯಾಗಿ. ಕೊಟ್ಟ ಮೇಲೆ ಮೇಲ್‌ನಲ್ಲಿ ಬಂದ ಎಕ್ಸೆಲ್ ಫೈಲನ್ನು "ಆಗಲ್ಲ" ಅಂತ ವಾಪಸು ಕಳಿಸುವ ಧೈರ್ಯವೂ ನಮಗಿರಬೇಕು.

ಬ್ಯಾಂಕ್ ಗ್ಯಾರಂಟಿಯಲ್ಲಿ ಸ್ವಲ್ಪ ಒಳ್ಳೆಯದಾಗಿದೆ. ಈಗ ಕಾಗದದ ಗ್ಯಾರಂಟಿಯ ಜೊತೆಗೆ ಎಸ್‌ಎಫ್‌ಎಂಎಸ್ ಸಂದೇಶ ಆ ಕಡೆಯ ಬ್ಯಾಂಕಿಗೆ ಹೋಗುತ್ತದೆ, ನಕಲಿ ಕಾಗದ ಅಲ್ಲೇ ಸಿಕ್ಕಿಬೀಳುತ್ತದೆ. 2022ರಿಂದ ಕಾಗದವೇ ಇಲ್ಲದ ಇ-ಗ್ಯಾರಂಟಿಯೂ ಇದೆ. ಸ್ಟಾಂಪು, ಸಹಿ ಎಲ್ಲ ಕಂಪ್ಯೂಟರಿನಲ್ಲೇ. ಮೂರು ನಾಲ್ಕು ದಿನದ ಕೆಲಸ ಒಂದೇ ದಿನದಲ್ಲಿ ಮುಗಿಯುತ್ತದೆ. ಹೀಗೆ ಮಾಡಿಕೊಟ್ಟ ಗ್ರಾಹಕರೊಬ್ಬರು ಮಾರನೆಯ ದಿನವೇ ವಾಪಸು ಬಂದರು. ಟೆಂಡರ್ ಕರೆದ ಆಫೀಸಿನವರು ಕೇಳುತ್ತಿದ್ದಾರಂತೆ, "ಇದನ್ನು ಪ್ರಿಂಟ್ ತೆಗೆದು, ರೌಂಡ್ ಸೀಲ್ ಹೊಡೆದು, ಮ್ಯಾನೇಜರ್ ಸಹಿ ಹಾಕಿಸಿಕೊಂಡು ಬನ್ನಿ" ಅಂತ!