ಮಗಳ ಮಂಡಿ ಊದಿದಾಗ...

"ಏನೂ ಆಗಿಲ್ಲಮ್ಮ, ಸ್ವಲ್ಪ ಉಳುಕಿದೆ ಅಷ್ಟೇ!"

ಶಾಲೆಯ ಕ್ರೀಡಾಕೂಟ ಶುರುವಾದರೆ ಈ ಮಾತು ಕೇಳದ ಮನೆ ಕಡಿಮೆ. ಕಬಡ್ಡಿ, ಕೊಕ್ಕೊ, ಥ್ರೋಬಾಲ್ ಆಡಿ ಬಂದ ಹುಡುಗಿ ಕುಂಟುತ್ತಾ ಒಳಗೆ ಬರುತ್ತಾಳೆ. ಅಜ್ಜಿ ಹರಳೆಣ್ಣೆ ಕಾಯಿಸಿ ತಿಕ್ಕುತ್ತಾರೆ, ಬಿಸಿನೀರಿನ ಶಾಖ ಕೊಡುತ್ತಾರೆ. ಬೆಳಿಗ್ಗೆ ನೋಡಿದರೆ ಮಂಡಿ ಇನ್ನಷ್ಟು ಊದಿರುತ್ತದೆ. ಅಜ್ಜಿಯ ಪ್ರೀತಿಯಲ್ಲಿ ತಪ್ಪಿಲ್ಲ. ಆದರೆ ಏಟು ಬಿದ್ದ ಮೊದಲ ಎರಡು-ಮೂರು ದಿನ ತಿಕ್ಕುವುದೂ ಬೇಡ, ಶಾಖವೂ ಬೇಡ. ಫ್ರಿಜ್ಜಿನ ಐಸ್ ತುಂಡುಗಳನ್ನು ಟವೆಲ್ಲಿನಲ್ಲಿ ಸುತ್ತಿ 15-20 ನಿಮಿಷ ಇಡಿ, ಎರಡು-ಮೂರು ಗಂಟೆ ಬಿಟ್ಟು ಮತ್ತೆ ಇಡಿ. ಕಾಲನ್ನು ದಿಂಬಿನ ಮೇಲೆ ಎತ್ತರಿಸಿ. ಆಟ ಅಲ್ಲಿಗೇ ನಿಲ್ಲಲಿ.

ಆಮೇಲೆ ಅವಳನ್ನು ಕೂರಿಸಿಕೊಂಡು ಸಮಾಧಾನವಾಗಿ ಕೇಳಿ. ಬಿದ್ದಾಗ 'ಟಪ್' ಅಂತ ಸದ್ದು ಬಂತಾ? ಊತ ಒಂದೆರಡು ಗಂಟೆಯಲ್ಲೇ ಬಂತಾ? ತಿರುಗುವಾಗ ಮಂಡಿ ಕಳಚಿದ ಹಾಗೆ ಅನ್ನಿಸುತ್ತಾ? ಹೌದೆಂದರೆ ಅದನ್ನು ಉಳುಕು ಅಂತ ಬಿಡಬೇಡಿ. ತೊಡೆಮೂಳೆಯನ್ನೂ ಕೆಳಗಾಲಿನ ಮೂಳೆಯನ್ನೂ ಬಿಗಿಯಾಗಿ ಹಿಡಿದಿಡುವ ಎಸಿಎಲ್ ಎಂಬ ಲಿಗಮೆಂಟ್ ಹರಿದಿರಬಹುದು. ಓಡುತ್ತಾ ಓಡುತ್ತಾ ಗಕ್ಕನೆ ನಿಂತು ತಿರುಗುವ ಆಟಗಳಲ್ಲಿ ಇದು ಜಾಸ್ತಿ. ಅದೂ ಹುಡುಗರಿಗಿಂತ ಹುಡುಗಿಯರಿಗೇ ಹೆಚ್ಚು!

ಹೊಸಕೋಟೆ ತಾಲೂಕಿನ ಈ ನಮ್ಮ ಸಮೇತನಹಳ್ಳಿ ಕಡೆ ಇಂಥ ಸಮಯದಲ್ಲಿ ಮೊದಲು ನೆನಪಾಗುವುದು ನಾಟಿ ಕಟ್ಟು. ಕಟ್ಟು ಹಾಕಿಸಿ ವಾರ ಮಲಗಿದರೆ ಊತ ಇಳಿಯುತ್ತದೆ, ಹುಡುಗಿ ನಡೆಯುತ್ತಾಳೆ. 'ನೋಡಿ, ವಾಸಿಯಾಯ್ತು' ಅಂತ ಎಲ್ಲರಿಗೂ ಖುಷಿ. ಮೋಸ ಇರುವುದೇ ಇಲ್ಲಿ. ಲಿಗಮೆಂಟ್ ಹರಿದಿದ್ದರೂ ಸಮತಟ್ಟು ನೆಲದಲ್ಲಿ ನಡೆಯಬಹುದು. ಊತ ಇಳಿದ ಮಾತ್ರಕ್ಕೆ ಹರಿದದ್ದು ಕೂಡಿಕೊಂಡಿದೆ ಅಂತಲ್ಲ. ಆ ಧೈರ್ಯದಲ್ಲಿ ಮತ್ತೆ ಅಂಗಳಕ್ಕಿಳಿದರೆ ಮಂಡಿ ಜಾರುತ್ತದೆ. ಜಾರಿದಾಗಲೆಲ್ಲ ಮೂಳೆಗಳ ನಡುವಿನ ಮೆನಿಸ್ಕಸ್ ಎಂಬ ಮೆತ್ತೆ ಸವೆದು ಹರಿಯುತ್ತದೆ. ಹದಿನಾರರಲ್ಲಿ ಬಿದ್ದವಳಿಗೆ ಮೂವತ್ತು ದಾಟುವ ಹೊತ್ತಿಗೇ ಮೆಟ್ಟಿಲು ಹತ್ತುವುದು ಕಷ್ಟವಾಗಬಹುದು.

ಹಾಗಾಗಿ ನಡೆಯುತ್ತಿದ್ದರೂ ಮೊದಲ ವಾರದಲ್ಲೇ ಮೂಳೆ ತಜ್ಞರಿಗೆ ತೋರಿಸಿ. 'ಎಕ್ಸ್-ರೇ ನಾರ್ಮಲ್' ಎಂದರೆ ಮೂಳೆ ಮುರಿದಿಲ್ಲ ಅಂತ ಅರ್ಥ, ಅಷ್ಟೇ. ಲಿಗಮೆಂಟ್ ಅದರಲ್ಲಿ ಕಾಣುವುದಿಲ್ಲ. ಊತ ಇರುವಾಗ ಕೈಯಿಂದ ಪರೀಕ್ಷಿಸುವುದೂ ಕಷ್ಟ, ವಾರ ಬಿಟ್ಟು ಬನ್ನಿ ಎಂದರೆ ತಪ್ಪದೆ ಹೋಗಿ. ಬೇಕೆನಿಸಿದರೆ ಅವರೇ ಎಂಆರ್‌ಐ ಬರೆಯುತ್ತಾರೆ. ಕಾಲೂರಲು ಆಗದಿದ್ದರೆ, ಮಂಡಿ ಮಡಚಿದಲ್ಲೇ ಸಿಕ್ಕಿಕೊಂಡರೆ, ಪಾದ ತಣ್ಣಗಾಗಿ ಜೋಮು ಹಿಡಿದರೆ ಅವತ್ತೇ ಹೊರಡಿ. ಖರ್ಚಿನ ಯೋಚನೆಯೇ? ಬೆಂಗಳೂರಿನ ಜಯನಗರದಲ್ಲಿ ಮೂಳೆ ಚಿಕಿತ್ಸೆಗೆಂದೇ ಸರ್ಕಾರದ ಸಂಜಯ್ ಗಾಂಧಿ ಆಸ್ಪತ್ರೆ ಇದೆ. ಬಿಪಿಎಲ್ ಕಾರ್ಡ್ ಇದ್ದವರು ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಏನೇನು ಸಿಗುತ್ತದೆ ಎಂದು ಸರ್ಕಾರಿ ಆಸ್ಪತ್ರೆಯಲ್ಲೇ ವಿಚಾರಿಸಿ.

ಇಷ್ಟೆಲ್ಲ ಗೊತ್ತಿದ್ದೂ ತಡವಾಗುವುದೇಕೆ? ಹುಡುಗಿಯರು ನೋವು ಮುಚ್ಚಿಡುತ್ತಾರೆ, ಅದಕ್ಕೇ. ಹೇಳಿದರೆ 'ಸಾಕು ನಿನ್ನ ಆಟ, ನಾಳೆ ಕಾಲು ಊನ ಅಂದ್ರೆ ಯಾರು ಮದುವೆ ಆಗ್ತಾರೆ?' ಎಂಬ ಮಾತು ಬರುತ್ತದೆ ಎಂದು ಅವರಿಗೆ ಗೊತ್ತು. ಗಂಡು ಮಗ ಬಿದ್ದರೆ ಕ್ರೇಪ್ ಬ್ಯಾಂಡೇಜ್, ಹೆಣ್ಣು ಮಗಳು ಬಿದ್ದರೆ ಆಟಕ್ಕೇ ಬೀಗ! ಈ ಬೈಗುಳದ ಭಯವೇ ಎಷ್ಟೋ ಮಂಡಿಗಳನ್ನು ಹಾಳು ಮಾಡಿದೆ ಎಂಬುದು ನನ್ನ ಅನಿಸಿಕೆ. 'ಡಾಕ್ಟರಿಗೆ ತೋರಿಸೋಣ, ವಾಸಿಯಾದ ಮೇಲೆ ಆಡುವಿಯಂತೆ' ಅಂತ ಒಮ್ಮೆ ಹೇಳಿ ನೋಡಿ, ಬಿದ್ದ ದಿನವೇ ಬಂದು ತೋರಿಸುತ್ತಾಳೆ.

ಆಡಲು ಆಗುತ್ತದೆಯೇ ಎಂಬ ಅನುಮಾನವಿದ್ದರೆ ಸ್ಮೃತಿ ಮಂದಾನ ಅವರನ್ನು ನೋಡಿ. 2024ರಲ್ಲಿ ನಮ್ಮ ಆರ್‌ಸಿಬಿಗೆ ಮಹಿಳಾ ಪ್ರೀಮಿಯರ್ ಲೀಗ್ ಕಪ್ ತಂದುಕೊಟ್ಟ ನಾಯಕಿ. 2017ರ ಜನವರಿಯಲ್ಲಿ ಆಸ್ಟ್ರೇಲಿಯಾದಲ್ಲಿ ಆಡುವಾಗ ಇದೇ ಎಸಿಎಲ್‌ಗೆ ಪೆಟ್ಟಾಗಿತ್ತು. ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ತಿಂಗಳುಗಟ್ಟಲೆ ಕಾಲು ಪಳಗಿಸಿ, ಜೂನ್‌ನಲ್ಲಿ ವಿಶ್ವಕಪ್‌ಗೆ ಇಳಿದರು. ಇಂಗ್ಲೆಂಡ್ ವಿರುದ್ಧ 90, ವೆಸ್ಟ್ ಇಂಡೀಸ್ ವಿರುದ್ಧ ಔಟಾಗದೆ 106!

ಅವರ ವೇಗವನ್ನು ಮನೆಯಲ್ಲಿ ಅನುಸರಿಸಬೇಡಿ, ಅವರಿಗೆ ದಿನವಿಡೀ ಜೊತೆಗೆ ತರಬೇತುದಾರರಿದ್ದರು. ಹರಿದ ಎಲ್ಲರಿಗೂ ಆಪರೇಷನ್ ಬೇಕೆಂದಿಲ್ಲ, ವ್ಯಾಯಾಮದಲ್ಲೇ ಸುಧಾರಿಸುವವರಿದ್ದಾರೆ. ಆಪರೇಷನ್ ಆಗಿದ್ದರೆ ಒಂಬತ್ತು ತಿಂಗಳಾದರೂ ಕಬಡ್ಡಿ ಬೇಡ ಎನ್ನುತ್ತಾರೆ ಈಗಿನ ವೈದ್ಯರು. ಫಿಸಿಯೋಥೆರಪಿ ಬೇಜಾರಿನ ಕೆಲಸ. ಟಿವಿ ಮುಂದೆ ಧಾರಾವಾಹಿ ನೋಡುವ ಹೊತ್ತಿಗೆ ನೀವೂ ಚಾಪೆ ಹಾಸಿ ಅವಳ ಜೊತೆ ಕಾಲೆತ್ತಿ. ನಡುವೆ ಪಿಟಿ ಮೇಷ್ಟ್ರು 'ಫೈನಲ್ ಒಂದು ಆಡಿಸಿಬಿಡಿ' ಎಂದು ಫೋನ್ ಮಾಡಿದರೆ, ಡಾಕ್ಟರ ಚೀಟಿ ಕಳಿಸಿ.